ಅಮ್ಮನ ತಟ್ಟೆಗೆ ಬರುತ್ತಿದ್ದ ಹಕ್ಕಿ ಎಲ್ಲಿಗೆ ಹೋಯ್ತು?

ಪ್ರಶ್ನೆ: ನಾವಿರುವುದು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ. ಕೇರ್ನ್ಸ್ ಊರಿಂದ ಘಟ್ಟ ಹತ್ತಿದರೆ ಸಿಗುವ ಕುರಾಂಡಾದಲ್ಲಿ. ಮನೆ ಹಿಂದೆಯೇ ಮಳೆಕಾಡು. ಮೇ ತಿಂಗಳಲ್ಲಿ ಸಿರ್ಸಿಯಿಂದ ಅಮ್ಮ ಬಂದರು. ಒಂದು ಬೆಳಿಗ್ಗೆ ಜಗಲಿಯಲ್ಲಿ ಚಹಾ ಕುಡಿಯುತ್ತಿದ್ದಾಗ ಹಕ್ಕಿಯೊಂದು ನೇರ ಬಂದು ಅವರ ಲೋಟದ ಅಂಚಿನಲ್ಲೇ ಕೂತು ನಾಲಿಗೆ ಹಾಕಿತು. ಕಪ್ಪು ಮುಖ, ಬಾಯಿಂದ ಕಣ್ಣಿನ ಕೆಳಗೆ ಎಳೆದ ಹಳದಿ ಗೆರೆ, ಕೊಕ್ಕಿನ ಬುಡವೂ ಹಳದಿ. ಇಲ್ಲಿಯವರು ಬ್ರೈಡಲ್ಡ್ ಹನಿಈಟರ್ ಅಂದರು. ಹೆಸರಲ್ಲೇ ಜೇನು ಇದೆಯಲ್ಲ ಅಂತ ಅಮ್ಮ ದಿನಾ ತಟ್ಟೆಯಲ್ಲಿ ಜೇನುತುಪ್ಪ ಕದಡಿದ ನೀರು ಇಡತೊಡಗಿದರು. ಜೇನು ಖಾಲಿಯಾದರೆ ಸಕ್ಕರೆ ನೀರು. ಹುಲ್ಲಿನ ಮೇಲೆ ಒಂದೆರಡು ಬಾಳೆಹಣ್ಣಿನ ತುಂಡು. ಜೂನ್, ಜುಲೈನಲ್ಲಿ ಒಟ್ಟಿಗೆ ಆರೇಳು ಹಕ್ಕಿ ಬರುತ್ತಿದ್ದವು. ಸೆಪ್ಟೆಂಬರ್‌ನಲ್ಲಿ ಒಂದೆರಡಕ್ಕೆ ಇಳಿಯಿತು. ಈಗ ನವೆಂಬರ್, ಒಂದೂ ಇಲ್ಲ. ಪಕ್ಕದ ಮನೆಯವರು ‘ನಿಮ್ಮ ಸಕ್ಕರೆ ಕುಡಿದು ಡಯಾಬಿಟಿಸ್ ಬಂದು ಸತ್ತಿರುತ್ತವೆ’ ಅಂದುಬಿಟ್ಟರು. ನನ್ನ ಗಂಡ ‘ಎಲ್ಲ ಹವಾಮಾನ ಬದಲಾವಣೆ’ ಅನ್ನುತ್ತಾರೆ. ಅಮ್ಮ ಮಂಕಾಗಿದ್ದಾರೆ. ಡಿಸೆಂಬರ್‌ನಲ್ಲಿ ಊರಿಗೆ ವಾಪಸ್. ನಾವು ತಪ್ಪು ಮಾಡಿದೆವಾ? ತಟ್ಟೆ ಇಡೋದನ್ನ ಮುಂದುವರಿಸಬೇಕಾ, ಬಿಡಬೇಕಾ? ಇನ್ನೊಂದು, ಅಮ್ಮನ ಪ್ರಶ್ನೆ: ಇದು ನಮ್ಮ ಸೂರಕ್ಕಿಯ ಸಂಬಂಧಿಯಾ?
ಓದುಗರೊಬ್ಬರು, ಕುರಾಂಡಾ

ಉತ್ತರ: ಮೊದಲು ಅಮ್ಮನಿಗೆ ಒಂದು ಮಾತು ಹೇಳಿಬಿಡಿ. ಆ ಹಕ್ಕಿಗಳು ಸತ್ತಿಲ್ಲ, ಬೆಟ್ಟ ಹತ್ತಿವೆ.

ನೀವು ಬರೆದ ತಿಂಗಳುಗಳನ್ನು ಓದುತ್ತಿದ್ದ ಹಾಗೇ ನನಗೆ ನಗು ಬಂತು. ಜೂನ್, ಜುಲೈನಲ್ಲಿ ಆರೇಳು, ಸೆಪ್ಟೆಂಬರ್‌ನಲ್ಲಿ ಒಂದೆರಡು, ನವೆಂಬರ್‌ನಲ್ಲಿ ಸೊನ್ನೆ. ಈ ಹಕ್ಕಿಯ ವರ್ಷದ ಓಡಾಟವೇ ಅದು. ಬ್ರೈಡಲ್ಡ್ ಹನಿಈಟರ್ ತಂಪು ಬೆಟ್ಟಗಳ ಹಕ್ಕಿ. ಉತ್ತರದಲ್ಲಿ ಕುಕ್‌ಟೌನ್ ಹತ್ತಿರದಿಂದ ದಕ್ಷಿಣದಲ್ಲಿ ಟೌನ್ಸ್‌ವಿಲ್ ಮೇಲಿನ ಬೆಟ್ಟಗಳ ತನಕ ಒಂದು ಕಿರಿದಾದ ಪಟ್ಟಿ ಇದೆ. ಪ್ರಪಂಚದಲ್ಲಿ ಅದಿರುವುದು ಅಲ್ಲಿ ಮಾತ್ರ. ಮರಿ ಮಾಡುವ ಕಾಲದಲ್ಲಿ ಎತ್ತರದ ಮಳೆಕಾಡು ಬಿಟ್ಟು ಕೆಳಗಿಳಿಯುವುದು ಅಪರೂಪ. ನಿಮ್ಮ ಕುರಾಂಡಾ ಇರುವುದು ಸಮುದ್ರ ಮಟ್ಟದಿಂದ ಸುಮಾರು 330 ಮೀಟರ್ ಮೇಲೆ. ನಮಗೆ ಅದು ಘಟ್ಟ. ಈ ಹಕ್ಕಿಯ ಲೆಕ್ಕದಲ್ಲಿ ಅದು ಘಟ್ಟದ ಕೆಳಗಿನ ಊರು. ಚಳಿಗಾಲದಲ್ಲಿ, ಅಂದರೆ ಅಲ್ಲಿಯ ಜೂನ್, ಜುಲೈ, ಆಗಸ್ಟ್‌ನಲ್ಲಿ, ಮೇಲಿನ ಕಾಡಿನಲ್ಲಿ ಹೂವು ಕಡಿಮೆಯಾದಾಗ ಇವು ಇಳಿದು ಬರುತ್ತವೆ. ವಸಂತ ಶುರುವಾಗುತ್ತಿದ್ದ ಹಾಗೆ ವಾಪಸ್ ಹತ್ತುತ್ತವೆ. ಈ ಹೊತ್ತಿಗೆ ನಿಮ್ಮ ಅಮ್ಮನ ಗಿರಾಕಿಗಳು ಆಥರ್ಟನ್ ಪ್ರಸ್ಥಭೂಮಿಯ ಕಡೆ ಎಲ್ಲೋ ಬಳ್ಳಿ ಗುಂಪಿನೊಳಗೆ ಬಟ್ಟಲಿನಂಥ ಗೂಡು ಕಟ್ಟಿ ಮರಿ ಸಾಕುತ್ತಿರಬೇಕು.

ಚಹಾ ಲೋಟದ ಕಥೆ ಓದಿ ನನಗೇನೂ ಆಶ್ಚರ್ಯ ಆಗಲಿಲ್ಲ. ಆ ಪ್ರಸ್ಥಭೂಮಿಯ ಒಂದು ಕೆರೆ ದಡದಲ್ಲಿ ನಾನು ಬುತ್ತಿ ಬಿಚ್ಚಿ ಕೂತಿದ್ದೆ. ಇದೇ ಹಕ್ಕಿ ಮೇಜಿನ ಮೇಲೆ ಇಳಿದು, ಸಕ್ಕರೆ ಪೊಟ್ಟಣವನ್ನು ಕಾಲಲ್ಲಿ ಒತ್ತಿ ಹಿಡಿದು, ಮೂಲೆಯಲ್ಲಿ ಕೊಕ್ಕು ಚುಚ್ಚಿ ಹರಿಯಿತು. ಗಾಬರಿ ಇಲ್ಲ, ಅವಸರ ಇಲ್ಲ. ಹರಿದ ಜಾಗಕ್ಕೆ ನಾಲಿಗೆ ತೂರಿ ತೆಗೆಯುತ್ತಿತ್ತು. ಆ ನಾಲಿಗೆಯ ತುದಿ ಸೀಳಿ ಸೀಳಿ ಕುಂಚದ ಹಾಗಿರುತ್ತದೆ. ಗೋಡೆಗೆ ಬಣ್ಣ ಬಳಿಯುವ ಬ್ರಷ್ ಅನ್ನು ಅಂಗುಲದ ಹತ್ತರಲ್ಲೊಂದು ಭಾಗಕ್ಕೆ ಇಳಿಸಿದಂತೆ ಅಂದುಕೊಳ್ಳಿ. ಹೂವಿನೊಳಗೆ ಅದನ್ನು ಸೆಕೆಂಡಿಗೆ ಹತ್ತು ಸಲದ ತನಕ ಆಡಿಸಿ ಮಧುವನ್ನು ಒರೆಸಿಕೊಳ್ಳುತ್ತದೆ. ಹನಿಈಟರ್ ಕುಟುಂಬದ ಗುರುತೇ ಈ ಕುಂಚ ನಾಲಿಗೆ.

ಇಲ್ಲೇ ಅಮ್ಮನ ಸೂರಕ್ಕಿ ಪ್ರಶ್ನೆಗೂ ಉತ್ತರ ಇದೆ. ಸೂರಕ್ಕಿಯ ನಾಲಿಗೆ ಕೊಳವೆಯಂತೆ ಸುರುಳಿಯಾಗಿರುತ್ತದೆ, ಸ್ಟ್ರಾ ಇಟ್ಟುಕೊಂಡು ಓಡಾಡುವ ಹಾಗೆ. ಇದರದ್ದು ಕುಂಚ. ಇಬ್ಬರೂ ಕುಡಿಯುವುದು ಹೂವಿನ ಮಧುವನ್ನೇ ಆದರೂ ಮನೆತನ ಬೇರೆ. ನಮ್ಮ ಸೂರಕ್ಕಿಗೆ ಹತ್ತಿರದ ನೆಂಟ ಅಂದರೆ ಬದನಿಕೆ ಹಕ್ಕಿ. ಹನಿಈಟರ್‌ಗಳದ್ದು ಆಸ್ಟ್ರೇಲಿಯಾದಲ್ಲೇ ಬೇರು ಬಿಟ್ಟ ಹಳೆಯ ವಂಶ. ಒಟ್ಟು ಸುಮಾರು 190 ಜಾತಿಗಳಿವೆ. ಹೆಚ್ಚಿನವು ಆಸ್ಟ್ರೇಲಿಯಾ ಮತ್ತು ನ್ಯೂಗಿನಿಯಲ್ಲಿ, ಉಳಿದವು ಪೆಸಿಫಿಕ್ ದ್ವೀಪಗಳಲ್ಲಿ ಮತ್ತು ಇಂಡೊನೇಷ್ಯಾದ ಪೂರ್ವದ ಕಡೆ. ಪಶ್ಚಿಮಕ್ಕೆ ಬಾಲಿ ದ್ವೀಪವೇ ಅವುಗಳ ಗಡಿ. ಭಾರತದಲ್ಲಿ ಒಂದೂ ಇಲ್ಲ. ಅಮೆರಿಕದ ಹಮ್ಮಿಂಗ್‌ಬರ್ಡ್ ಇನ್ನೂ ಬೇರೆ. ನಮ್ಮಲ್ಲಿ ಪೇಪರಿನವರು ಸೂರಕ್ಕಿಯ ಫೋಟೋ ಹಾಕಿ ಹಮ್ಮಿಂಗ್‌ಬರ್ಡ್ ಅಂತ ಬರೆಯುವುದನ್ನು ನೋಡಿ ನೋಡಿ ನಾನು ಪತ್ರ ಬರೆಯುವುದನ್ನೇ ಬಿಟ್ಟಿದ್ದೇನೆ.

ಆದರೆ ಅಮ್ಮನಿಗೆ ಒಂದು ಖುಷಿಯ ಸುದ್ದಿ. ಸೂರಕ್ಕಿಗಳ ಪೈಕಿ ಆಸ್ಟ್ರೇಲಿಯಾ ಮುಟ್ಟಿರುವುದು ಒಂದೇ ಒಂದು, ಅದು ನಿಮ್ಮ ಕೇರ್ನ್ಸ್ ಕಡೆ ಧಾರಾಳ ಇದೆ. ಹೊಟ್ಟೆ ಹಳದಿ, ಗಂಡಿಗೆ ಗಂಟಲಲ್ಲಿ ಮಿರಮಿರ ನೀಲಿ. ಜಗಲಿಯಲ್ಲಿ ನೇತಾಡುವ ಹಗ್ಗಕ್ಕೋ ಗಾಳಿಗಂಟೆಗೋ ಗೂಡು ಜೋತು ಬಿಡುವ ಚಾಳಿ ಅದಕ್ಕೂ ಇದೆ, ಸಿರ್ಸಿ ಮನೆಯ ಸೂರಕ್ಕಿಗೆ ಇರುವ ಹಾಗೇ. ಅದರ ವೈಜ್ಞಾನಿಕ ಹೆಸರಿನ ಎರಡನೇ ಭಾಗ ಈಗ ಫ್ರೆನೇಟಸ್. ನಿಮ್ಮ ಹನಿಈಟರ್ ಹೆಸರಿನ ಎರಡನೇ ಭಾಗವೂ ಫ್ರೆನೇಟಸ್ಸೇ. ಲ್ಯಾಟಿನ್‌ನಲ್ಲಿ ಕಡಿವಾಣ ತೊಟ್ಟದ್ದು ಅಂತ ಅರ್ಥ. ಬಾಯಿಂದ ಕೆನ್ನೆಗೆ ಎಳೆದ ಆ ಹಳದಿ ಗೆರೆಯನ್ನು ನೋಡಿ, ಸಿಡ್ನಿಯ ಪಕ್ಷಿತಜ್ಞ ಎಡ್ವರ್ಡ್ ಪಿಯರ್ಸನ್ ರಾಮ್ಸೆ 1870ರ ದಶಕದಲ್ಲಿ ಇಟ್ಟ ಹೆಸರು. ನಾನು ಇನ್ನು ಮುಂದೆ ಕಡಿವಾಣ ಹಕ್ಕಿ ಅಂತಲೇ ಬರೆಯುತ್ತೇನೆ, ಬಾಯಿಗೆ ಸಲೀಸು.

ಈಗ ಪಕ್ಕದ ಮನೆಯವರ ಡಯಾಬಿಟಿಸ್. ಇದು ಸುಳ್ಳು. ಹೂವಿನ ಮಧು ಅಂದರೇನು? ಸಕ್ಕರೆ ನೀರೇ. ಹಕ್ಕಿಗಳ ರಕ್ತದಲ್ಲಿ ನಮಗಿಂತ ಜಾಸ್ತಿ ಸಕ್ಕರೆ ಇರುವುದು ಸಹಜ. ನಮಗೆ ಅಷ್ಟಿದ್ದರೆ ಡಾಕ್ಟರ್ ಮಾತ್ರೆ ಬರೆಯುತ್ತಾರೆ, ಅವು ಅದರಲ್ಲೇ ಹಾರಾಡಿಕೊಂಡಿರುತ್ತವೆ. ‘ಚಟ ಹಿಡಿಯುತ್ತದೆ, ನೀವು ನಿಲ್ಲಿಸಿದರೆ ಉಪವಾಸ ಬೀಳುತ್ತವೆ’ ಅನ್ನುವ ಮಾತೂ ಇದೆ. ಅದಕ್ಕೂ ತಲೆ ಕೆಡಿಸಿಕೊಳ್ಳಬೇಡಿ. ನಿಮ್ಮ ತಟ್ಟೆ ಅವುಗಳಿಗೆ ದಾರಿಯಲ್ಲಿ ಸಿಗುವ ಚಹಾದಂಗಡಿ ಇದ್ದ ಹಾಗೆ. ಕಡಿವಾಣ ಹಕ್ಕಿ ಮಧು ಕುಡಿಯುತ್ತದೆ, ಹಣ್ಣು ತಿನ್ನುತ್ತದೆ, ತೊಗಟೆ ಕೆದಕಿ ಹುಳ ಹಿಡಿಯುತ್ತದೆ. ಅಂಗಡಿ ಬಾಗಿಲು ಹಾಕಿದರೆ ಮುಂದೆ ಹೋಗುತ್ತದೆ, ಅಷ್ಟೇ. ನಿಮ್ಮಲ್ಲಿ ಆಗಿದ್ದೂ ಅದೇ ಅಲ್ವಾ? ತಟ್ಟೆ ತುಂಬಿದ್ದಾಗಲೇ ಬಿಟ್ಟು ಹೋದವು.

ಹಾಗಂತ ಪಕ್ಕದ ಮನೆಯವರನ್ನು ಪೂರ್ತಿ ತಳ್ಳಿಹಾಕುವ ಹಾಗೂ ಇಲ್ಲ. ಅವರ ಕಾರಣ ತಪ್ಪು, ಅನುಮಾನ ಸರಿ. ತೊಂದರೆ ಇರುವುದು ಸಕ್ಕರೆಯಲ್ಲಿ ಅಲ್ಲ, ಜೇನಿನಲ್ಲಿ ಮತ್ತು ತಟ್ಟೆಯಲ್ಲಿ.

ಜೇನಿನಿಂದ ಶುರು ಮಾಡೋಣ. ಹನಿಈಟರ್ ಅನ್ನುವುದು ಇಂಗ್ಲಿಷಿನವರು ಕೊಟ್ಟ ಹೆಸರು, ಹಕ್ಕಿ ಒಪ್ಪಿಕೊಂಡದ್ದಲ್ಲ. ಮಧು ಬೇರೆ, ಜೇನುತುಪ್ಪ ಬೇರೆ. ಜೇನುತುಪ್ಪ ಕೆಡದೆ ಇರುವುದು ಅದರಲ್ಲಿ ನೀರಿನ ಅಂಶ ಕಡಿಮೆ ಇರುವುದಕ್ಕೆ. ನೀವು ನೀರು ಕದಡಿದ ಕೂಡಲೇ ಆ ಕಾವಲು ಹೋಯ್ತು. ಕುರಾಂಡಾದ ಸೆಖೆಯಲ್ಲಿ ಸಂಜೆಯೊಳಗೆ ಹುಳಿ ಬಂದು ನೊರೆ ಏಳುತ್ತದೆ, ಬೂಷ್ಟು ಹಿಡಿಯುತ್ತದೆ. ಇನ್ನೊಂದು ಅಪಾಯ ಹಕ್ಕಿಗಿಂತ ಜೇನುನೊಣಕ್ಕೆ. ಜೇನುತುಪ್ಪದಲ್ಲಿ ಫೌಲ್‌ಬ್ರೂಡ್ ಅನ್ನುವ ರೋಗದ ಬೀಜಕಣಗಳು ಕೂತಿರಬಹುದು. ಮನುಷ್ಯರಿಗೆ ಏನೂ ಆಗುವುದಿಲ್ಲ, ಜೇನಿನ ಮರಿಹುಳುಗಳು ಕೊಳೆತು ಗೂಡಿಗೆ ಗೂಡೇ ಹೋಗುತ್ತದೆ. ತಟ್ಟೆಗೆ ನೊಣಗಳು ಬಂದು ಕದ್ದು ಒಯ್ದರೆ ಸುತ್ತಲಿನ ಪೆಟ್ಟಿಗೆಗಳಿಗೆಲ್ಲ ಹಂಚಿದ ಹಾಗೆ. ಸಿರ್ಸಿಯವರಿಗೆ ಜೇನುಪೆಟ್ಟಿಗೆ ಏನು ಅಂತ ನಾನು ಹೇಳಬೇಕಾಗಿಲ್ಲ. ಆದ್ದರಿಂದ ಜೇನುತುಪ್ಪ ಇವತ್ತೇ ನಿಲ್ಲಿಸಿ. ಅದನ್ನು ಅಮ್ಮನ ದೋಸೆಗೆ ಉಳಿಸಿ.

ತಟ್ಟೆಯದ್ದು ಇನ್ನೂ ದೊಡ್ಡ ವಿಷಯ. ಕಾಡಿನಲ್ಲಿ ಒಂದು ಹೂವಿಗೆ ಒಂದು ಹಕ್ಕಿ ಮೂತಿ ಹಾಕುತ್ತದೆ, ಮುಂದಿನ ಹೂವಿಗೆ ಹೋಗುತ್ತದೆ. ನಿಮ್ಮ ತಟ್ಟೆಯಲ್ಲಿ ಆರೇಳು ಕಡಿವಾಣ ಹಕ್ಕಿ, ಆಮೇಲೆ ಬರುವ ಬಣ್ಣದ ಲೋರಿಕೀಟ್ ಗಿಳಿಗಳು, ಎಲ್ಲ ಒಂದೇ ನೀರಿಗೆ ಬಾಯಿ ಹಾಕುತ್ತವೆ, ಅದರಲ್ಲೇ ಕಾಲಿಡುತ್ತವೆ, ಅದರಲ್ಲೇ ಹಿಕ್ಕೆ ಹಾಕುತ್ತವೆ. ಗಿಳಿಗಳಿಗೆ ಕೊಕ್ಕು, ಗರಿಗಳನ್ನು ಹಾಳು ಮಾಡುವ ಒಂದು ವೈರಸ್ ರೋಗ ಇದೆ. ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ರೋಗಾಣು ಅಂತೂ ಎಲ್ಲರಿಗೂ ಬರುವಂಥದ್ದು. ಹತ್ತು ಮನೆಯ ಮದುವೆಗೆ ಒಂದೇ ಲೋಟ ಇಟ್ಟ ಹಾಗೆ ನೋಡಿ ಇದು. ಜಗಲಿಯ ಕೆಳಗೆ ಸತ್ತ ಹಕ್ಕಿ ಸಿಕ್ಕಿದ್ದರೆ ನೀವು ಖಂಡಿತ ಬರೆಯುತ್ತಿದ್ದಿರಿ. ಸಿಕ್ಕಿಲ್ಲ, ಒಳ್ಳೆಯದು. ಮುಂದೆ ಎಂದಾದರೂ ಸಿಕ್ಕರೆ ಬರಿಗೈಲಿ ಮುಟ್ಟಬೇಡಿ, ತಟ್ಟೆ ಎತ್ತಿಬಿಡಿ, ಅಲ್ಲಿಯ ಪಶುರೋಗ ಇಲಾಖೆಗೆ ತಿಳಿಸಿ.

ಬಾಳೆಹಣ್ಣಿನ ತುಂಡು ಓದಿ ಮಾತ್ರ ನನಗೆ ನಿಜಕ್ಕೂ ಕಸಿವಿಸಿ ಆಯ್ತು. ಕುರಾಂಡಾದ ಕಾಡಿನಲ್ಲಿ ಕ್ಯಾಸೊವರಿ ಇದೆ. ಆಳೆತ್ತರದ, ಹಾರಲಾರದ, ಒಳಗಿನ ಬೆರಳಿಗೆ ಚೂರಿಯಂಥ ಉಗುರಿರುವ ಹಕ್ಕಿ. ನೆಲದ ಮೇಲೆ ಬಿದ್ದ ಹಣ್ಣೇ ಅದರ ಊಟ. ಒಮ್ಮೆ ಅಂಗಳದಲ್ಲಿ ಹಣ್ಣು ಸಿಗುತ್ತದೆ ಅಂತ ಗೊತ್ತಾದರೆ ದಿನಾ ಬರುತ್ತದೆ, ಕೊಡದಿದ್ದರೆ ಮೇಲೆ ಬೀಳಬಹುದು, ಬರುವ ದಾರಿಯಲ್ಲಿ ಕಾರಿಗೋ ನಾಯಿಗೋ ಸಿಕ್ಕಿ ಸಾಯುವುದು ಅದೇ. ಕ್ವೀನ್ಸ್‌ಲ್ಯಾಂಡ್‌ನಲ್ಲಿ ಕ್ಯಾಸೊವರಿಗೆ ಆಹಾರ ಹಾಕುವುದು ಕಾನೂನಿನ ಪ್ರಕಾರ ಅಪರಾಧ. ರಾಷ್ಟ್ರೀಯ ಉದ್ಯಾನಗಳೊಳಗೆ ಯಾವ ಕಾಡುಪ್ರಾಣಿಗೂ ಹಾಕುವ ಹಾಗಿಲ್ಲ. ಹುಲ್ಲಿನ ಮೇಲೆ ಹಣ್ಣು ಬೇಡವೇ ಬೇಡ.

ಇನ್ನು ನಿಮ್ಮ ಯಜಮಾನರ ವಾದ. ಈ ವರ್ಷದ ಜೂನ್‌ಗೂ ನವೆಂಬರ್‌ಗೂ ಇರುವ ವ್ಯತ್ಯಾಸ ಹವಾಮಾನ ಬದಲಾವಣೆಯಿಂದ ಬಂದದ್ದಲ್ಲ, ಅದು ಋತು. ಆದರೆ ಹತ್ತಾರು ವರ್ಷದ ಲೆಕ್ಕ ಹಿಡಿದರೆ ಅವರ ಮಾತೇ ನಿಲ್ಲುತ್ತದೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ನಿಮ್ಮ ಸುತ್ತಲಿನ ಮಳೆಕಾಡು 1988ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಸುಮಾರು 9,000 ಚದರ ಕಿಲೋಮೀಟರ್. ಕೇಳುವುದಕ್ಕೆ ದೊಡ್ಡದು. ಆದರೆ ಕಡಿವಾಣ ಹಕ್ಕಿಗೆ ಅದರಲ್ಲಿ ಬೇಕಾದದ್ದು ಮೇಲಿನ ತಂಪು ಭಾಗ. ಬೆಟ್ಟ ಅಂದರೆ ಕೊಡೆಯ ಹಾಗೆ, ಮೇಲೆ ಹೋದಷ್ಟೂ ಕಿರಿದು. ನೂರು ಮೀಟರ್ ಹತ್ತಿದರೆ ಅರ್ಧ ಡಿಗ್ರಿಗಿಂತ ಸ್ವಲ್ಪ ಜಾಸ್ತಿ ತಂಪು. ಸೆಖೆ ಒಂದು ಡಿಗ್ರಿ ಏರಿದರೆ ಹಕ್ಕಿ ಅದೇ ತಂಪಿಗಾಗಿ ನೂರೈವತ್ತು, ಇನ್ನೂರು ಮೀಟರ್ ಮೇಲೆ ಹೋಗಬೇಕು. ಕ್ವೀನ್ಸ್‌ಲ್ಯಾಂಡ್‌ನ ಅತಿ ಎತ್ತರದ ಬೆಟ್ಟ ಬಾರ್ಟಲ್ ಫ್ರೀರ್ 1,600 ಮೀಟರ್ ದಾಟಿ ಸ್ವಲ್ಪ ಇದೆ, ಅಷ್ಟೇ. ನಮ್ಮ ಮುಳ್ಳಯ್ಯನಗಿರಿಗಿಂತ ಗಿಡ್ಡ. ಅದರಾಚೆ ಏರುವುದಕ್ಕೆ ಆಕಾಶ ಮಾತ್ರ.

ಜೇಮ್ಸ್ ಕುಕ್ ವಿಶ್ವವಿದ್ಯಾಲಯದ ಸ್ಟೀಫನ್ ವಿಲಿಯಮ್ಸ್ ಮತ್ತು ಜೊತೆಗಾರರು 2000ದಿಂದ 2016ರ ತನಕ ಈ ಬೆಟ್ಟಗಳಲ್ಲಿ ಹಕ್ಕಿ ಎಣಿಸಿದರು. 2021ರಲ್ಲಿ ಅದು ಪ್ರಕಟವಾಯ್ತು. ಎತ್ತರದ ಕಾಡನ್ನೇ ನಂಬಿದ ಜಾತಿಗಳು ತಮ್ಮ ವಾಸದ ಕೆಳ ಅಂಚಿನಿಂದ ಮರೆಯಾಗುತ್ತಾ ಬಂದಿವೆ, ಕೆಳಗಿನ ಹಕ್ಕಿಗಳು ಮೇಲಕ್ಕೆ ಹರಡುತ್ತಿವೆ. ಕಾಡು ಯಾರೂ ಕಡಿದಿಲ್ಲ, ಎಲ್ಲ ರಕ್ಷಿತವೇ. ಬೇಲಿ ಹಾಕಿ ಸೆಖೆಯನ್ನು ತಡೆಯುವುದಕ್ಕೆ ಆಗುವುದಿಲ್ಲವಲ್ಲ. ನಾನು ಪಶ್ಚಿಮ ಘಟ್ಟದಲ್ಲಿ ಹಕ್ಕಿ ಎಣಿಸಿ ಬಂದವನು. ನಮ್ಮಲ್ಲಿ ಕಾಡು ಹೋದರೆ ಕೊಡಲಿ, ರಸ್ತೆ, ಅಣೆಕಟ್ಟು ಅಂತ ಬೆರಳು ತೋರಿಸಬಹುದು. ಅಲ್ಲಿ ಹಸಿರು ಹಾಗೇ ನಿಂತಿದೆ, ಹಕ್ಕಿ ಮಾತ್ರ ಕಡಿಮೆ. ಅದು ನನಗೆ ಜಾಸ್ತಿ ಹೆದರಿಕೆ ಹುಟ್ಟಿಸಿದ ದೃಶ್ಯ.

2018ರ ನವೆಂಬರ್ ಅಲ್ಲಿಯವರು ಮರೆತಿಲ್ಲ. ಕೇರ್ನ್ಸ್‌ನಲ್ಲಿ 42.6 ಡಿಗ್ರಿ ಮುಟ್ಟಿತು. ಕನ್ನಡಕ ತೊಟ್ಟಂತೆ ಕಾಣುವ ಅಲ್ಲಿಯ ಹಣ್ಣುಬಾವಲಿಗಳು ಸುಮಾರು 23,000 ಸತ್ತು ಮರದಿಂದ ಉದುರಿದವು. ಅದೇ ಹೊತ್ತಿಗೆ ದಕ್ಷಿಣದಲ್ಲಿ ಮಕೈ ಊರಿನ ಹಿಂದಿನ ಯಂಗೆಲ್ಲ ಬೆಟ್ಟದ ಮಳೆಕಾಡಿಗೂ ಬೆಂಕಿ ನುಗ್ಗಿತು. ಒದ್ದೆ ಕಾಡಿಗೆ ಬೆಂಕಿ! ಆ ಬೆಟ್ಟದಲ್ಲಿ ಕಡಿವಾಣ ಹಕ್ಕಿಯ ಒಡಹುಟ್ಟು ಇದೆ, ಯಂಗೆಲ್ಲ ಹನಿಈಟರ್. ಮೊದಲು ಎಲ್ಲರೂ ಎರಡೂ ಒಂದೇ ಅಂದುಕೊಂಡಿದ್ದರು. ವೇಯ್ನ್ ಲಾಂಗ್‌ಮೋರ್ ಮತ್ತು ವಾಲ್ಟರ್ ಬೋಲ್ಸ್ 1983ರಲ್ಲಿ ಅದು ಬೇರೆಯೇ ಜಾತಿ ಅಂತ ವಿವರಿಸಿದರು. 2011ರಲ್ಲಿ ಈ ಎರಡು ಹಕ್ಕಿಗಳಿಗೂ ಸೇರಿಸಿ ಹೊಸ ಕುಲದ ಹೆಸರು ಬಂತು, ಬೋಲೆಮೋರಿಯಸ್. ಬೋಲ್ಸ್‌ನ ಬೋಲ್, ಲಾಂಗ್‌ಮೋರ್‌ನ ಮೋರ್. ಇಬ್ಬರ ಹೆಸರನ್ನೂ ಗಂಟು ಹಾಕಿದ್ದಾರೆ. ಯಂಗೆಲ್ಲ ಹಕ್ಕಿ ಇರುವುದು ಆ ಒಂದೇ ಬೆಟ್ಟಸಾಲಿನಲ್ಲಿ. ಅದಕ್ಕೆ ಹೋಲಿಸಿದರೆ ನಿಮ್ಮ ಕಡಿವಾಣ ಹಕ್ಕಿ ಜಮೀನ್ದಾರ.

ಸರಿ, ನೀವು ಏನು ಮಾಡಬಹುದು?

ನನ್ನನ್ನು ಕೇಳಿದರೆ ತಟ್ಟೆಯ ಬದಲು ನೀರು. ಬರೀ ನೀರು. ಎರಡು ಬೆರಳು ಆಳದ ಅಗಲ ಬೋಗುಣಿ, ನೆಲದಿಂದ ಎತ್ತರದಲ್ಲಿ, ಪಕ್ಕದಲ್ಲೊಂದು ಕೊಂಬೆ. ಹನಿಈಟರ್‌ಗಳಿಗೆ ಸ್ನಾನ ಅಂದರೆ ಪ್ರಾಣ. ಕೊಂಬೆಯಿಂದ ಧುಮುಕಿ, ಮೈ ಅದ್ದಿ, ಅದೇ ವೇಗದಲ್ಲಿ ಮೇಲೆ ಹೋಗಿ ಗರಿ ಒದರುತ್ತವೆ. ಮತ್ತೆ ಧುಮುಕುತ್ತವೆ. ಸಕ್ಕರೆಗೆ ಬಂದ ಹಕ್ಕಿ ತಲೆ ತಗ್ಗಿಸಿ ಕುಡಿದು ಹೋಗುತ್ತದೆ, ನೀರಿಗೆ ಬಂದದ್ದು ಆಟ ತೋರಿಸುತ್ತದೆ. ಅಪಾಯ ಇಲ್ಲದಿಲ್ಲ. ನೀರನ್ನು ದಿನಾ ಚೆಲ್ಲಿ ಬೋಗುಣಿ ಉಜ್ಜಬೇಕು. ಇಲ್ಲದಿದ್ದರೆ ಸೊಳ್ಳೆ, ಮತ್ತೆ ಅದೇ ರೋಗದ ಕಥೆ.

ಜಾಗ ಇದ್ದರೆ ಗಿಡ ನೆಡಿ. ಕೇರ್ನ್ಸ್ ಬೀದಿಗಳಲ್ಲಿ ಚಿನ್ನದ ಪುರಿಯುಂಡೆಯಂಥ ಹೂ ಬಿಡುವ ಗೋಲ್ಡನ್ ಪೆಂಡಾ ನಿಮ್ಮ ಸೀಮೆಯದ್ದೇ ಮರ. ಬಾಟಲ್‌ಬ್ರಷ್ ಇದೆ. ಛತ್ರಿಮರ ಇದೆ, ಬೆಂಗಳೂರಿನಲ್ಲಿ ಕುಂಡದಲ್ಲಿ ಇಟ್ಟುಕೊಳ್ಳುವ ಅಂಬ್ರೆಲಾ ಟ್ರೀ ಅಂದರೆ ಅದೇ. ಅಲ್ಲಿ ಮರವಾಗಿ ಬೆಳೆದು, ಕೊಡೆಯ ಕಡ್ಡಿಗಳ ಹಾಗೆ ಕೆಂಪು ಹೂಗೊಂಚಲು ಚಾಚುತ್ತದೆ. ಹನಿಈಟರ್‌ಗಳು ಅದರ ಮೇಲೆ ಸಾಲಾಗಿ ಕೂರುತ್ತವೆ. ಅಮ್ಮನಿಗೆ ಇನ್ನೊಂದು ವಿಷಯ ಹೇಳಿ, ಆಸಕ್ತಿ ಹುಟ್ಟಬಹುದು. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದಲ್ಲಿ ಮೆಣಸಿನ ಬಳ್ಳಿ ಹಬ್ಬಿಸುವ ಸಿಲ್ವರ್ ಓಕ್ ಇದೆಯಲ್ಲ, ಅದರ ತವರು ಪೂರ್ವ ಆಸ್ಟ್ರೇಲಿಯಾ, ನಿಮ್ಮಿಂದ ದೂರ ದಕ್ಷಿಣಕ್ಕೆ. ಅಲ್ಲಿ ಅದರ ಕೇಸರಿ ಹೂವಿನ ಮಧುವಿಗೆ ಬರುವವರು ಹನಿಈಟರ್‌ಗಳು. ಗಿಡಕ್ಕೆ ಕಾಯಬೇಕು ಅನ್ನುವುದೊಂದೇ ಕಷ್ಟ. ಹೂ ನೋಡುವುದಕ್ಕೆ ಕೆಲವು ವರ್ಷ ಹಿಡಿಯುತ್ತದೆ. ಊರಿಂದ ಬೀಜ, ಗಡ್ಡೆ ತರುವ ಯೋಚನೆ ಮಾತ್ರ ಬೇಡ, ವಿಮಾನ ನಿಲ್ದಾಣದಲ್ಲೇ ದಂಡ ಕಟ್ಟಿಸುತ್ತಾರೆ. ಬೇಲಿಯಲ್ಲಿ ಲಂಟಾನ ಇದ್ದರೆ ಕಿತ್ತುಹಾಕಿ. ಅದು ನಮ್ಮ ಕಾಡಿಗೆ ಮಾಡಿದ್ದನ್ನೇ ಅಲ್ಲಿಗೂ ಮಾಡಿದೆ.

ಇಷ್ಟೆಲ್ಲ ಕೇಳಿಯೂ ಅಮ್ಮನಿಗೆ ಸಕ್ಕರೆ ನೀರು ಇಡಲೇಬೇಕು ಅನ್ನಿಸಿದರೆ ನಾನು ಅಡ್ಡ ಬರುವುದಿಲ್ಲ. ಊರು ಬಿಟ್ಟು ಬಂದ ಹೆಂಗಸು ಪರದೇಶದಲ್ಲಿ ಒಂದು ಹಕ್ಕಿಯ ಜೊತೆ ಸ್ನೇಹ ಮಾಡಿಕೊಂಡಿದ್ದಾರೆ, ಅದನ್ನು ನಿಯಮ ಹೇಳಿ ಬಿಡಿಸುವುದು ನನಗಂತೂ ಆಗದ ಕೆಲಸ. ಬಿಳಿ ಸಕ್ಕರೆ ಒಂದು ಲೋಟ, ನೀರು ನಾಲ್ಕು ಲೋಟ. ಬಣ್ಣ ಬೇಡ, ಬೆಲ್ಲ ಬೇಡ. ವಾರಕ್ಕೆ ಒಂದೆರಡು ದಿನ, ಬೆಳಿಗ್ಗೆ ಒಂದು ಗಂಟೆ. ಸಣ್ಣ ಬಟ್ಟಲು ಇಡಿ, ಒಳಗೆ ಹಕ್ಕಿಗೆ ಕಾಲಿಡಲು ಜಾಗ ಇರಬಾರದು. ಆಮೇಲೆ ಬಿಸಿನೀರಲ್ಲಿ ತೊಳೆದು ಒಣಗಿಸಿ. ಗಿಳಿಗಳ ದಂಡು ಬರತೊಡಗಿದರೆ ಒಂದು ವಾರ ರಜೆ ಕೊಡಿ. ಆಗಸ್ಟ್ ಮುಗಿದ ಮೇಲೆ ಬೇಡ. ಮರಿಗಳಿಗೆ ಬೇಕಾದದ್ದು ಹುಳ, ಸಕ್ಕರೆ ಅಲ್ಲ. ತಾಯಿಗೂ ಆಗ ಹುಳ ಹುಡುಕುವ ಕೆಲಸ ಇರುತ್ತದೆ.

ಇನ್ನೊಂದು ಸಣ್ಣ ಕೆಲಸ, ಇದು ನನ್ನ ಸ್ವಾರ್ಥ ಅಂತಲೇ ಅಂದುಕೊಳ್ಳಿ. ಅಡುಗೆಮನೆ ಕ್ಯಾಲೆಂಡರಿನಲ್ಲಿ ಅಮ್ಮ ಹಾಲಿನ ಲೆಕ್ಕ ಬರೆಯುವವರೇ ಆಗಿದ್ದರೆ, ಅದರ ಪಕ್ಕದಲ್ಲಿ ಎಷ್ಟು ಹಕ್ಕಿ ಬಂದವು ಅಂತಲೂ ಬರೆದಿರಬಹುದು. ಕೇಳಿ ನೋಡಿ. ಮೊದಲು ಕಂಡ ದಿನ, ಕೊನೆಗೆ ಕಂಡ ದಿನ, ಒಮ್ಮೆಗೆ ಎಷ್ಟು. ಅದನ್ನು ಇ-ಬರ್ಡ್‌ಗೆ, ಅಂದರೆ ಕಂಡ ಹಕ್ಕಿಗಳನ್ನು ಯಾರು ಬೇಕಾದರೂ ದಾಖಲಿಸುವ ಜಾಲತಾಣಕ್ಕೆ, ಹಾಕಿ. ಹಕ್ಕಿ ಎಷ್ಟು ಎತ್ತರದಲ್ಲಿ ಎಷ್ಟು ದಿನ ನಿಂತಿತ್ತು ಅನ್ನುವುದು ಒಂದೇ ಮನೆಯಿಂದ ವರ್ಷ ವರ್ಷ ಸಿಕ್ಕರೆ, ನಮ್ಮಂಥವರು ಕಾಡಿನಲ್ಲಿ ವಾರಗಟ್ಟಲೆ ಅಲೆದು ತರುವುದಕ್ಕೆ ಸಮ.

ಡಿಸೆಂಬರ್‌ನಲ್ಲಿ ಅಮ್ಮ ಹೊರಡುವ ಮೊದಲು ಒಂದು ಮಾತು ಮನೆಯಲ್ಲೇ ಇತ್ಯರ್ಥ ಮಾಡಿಕೊಳ್ಳಿ. ಬೋಗುಣಿ ದಿನಾ ಉಜ್ಜುವವರು ಯಾರು, ನೀವಾ, ನಿಮ್ಮ ಯಜಮಾನರಾ? ಇಬ್ಬರಿಗೂ ಪುರುಸೊತ್ತಿಲ್ಲ ಅಂತಾದರೆ ಅದನ್ನೂ ಕವುಚಿ ಇಟ್ಟುಬಿಡಿ. ಜೂನ್‌ನಲ್ಲಿ ಹಕ್ಕಿ ಹೇಗೂ ಇಳಿದು ಬರುತ್ತದೆ, ಆಗ ತೆಗೆದರೆ ಸಾಕು.